ಹಳಿಗೆ ದಾರಿ ಬಿಟ್ಟ ಶಸ್ತ್ರಾಗಾರ

ಓಡಾಟ ನಿಂತ ರೈಲು ಮಾರ್ಗಗಳನ್ನು ಜನ ನಡೆದಾಡುವ ಹಾದಿಗಳನ್ನಾಗಿ ಮಾಡುವುದು ಹೊರದೇಶಗಳಲ್ಲಿ ಹೊಸದೇನಲ್ಲ. ನ್ಯೂಯಾರ್ಕ್ ನಗರದಲ್ಲಿ ಕಂಬಗಳ ಮೇಲಿನ ಹಳೆಯ ರೈಲು ಸೇತುವೆಯೊಂದು 2009ರಲ್ಲಿ ಉದ್ಯಾನವಾಗಿ ತೆರೆಯಿತು. ಅಲ್ಲಿ ಹಳಿ ಜನರಿಗೆ ದಾರಿ ಬಿಟ್ಟಿತು. ಶ್ರೀರಂಗಪಟ್ಟಣದಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಇಲ್ಲಿ ಹಳಿಗಾಗಿ ಇಡೀ ಕಟ್ಟಡವೇ ಪಕ್ಕಕ್ಕೆ ಸರಿಯಿತು!

ಬೆಂಗಳೂರಿನಿಂದ ಹೊರಟ ರೈಲು ಪಾಂಡವಪುರವನ್ನು ದಾಟಿ, ಕಾವೇರಿಯನ್ನು ಹಾದು ಶ್ರೀರಂಗಪಟ್ಟಣದ ಕೋಟೆಯೊಳಗೇ ನುಗ್ಗುತ್ತದೆ. ಹೈದರ್ ಮತ್ತು ಟಿಪ್ಪು ಅವರ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಕಾರಣ ಪಾಂಡವಪುರಕ್ಕೆ ಹಿಂದೆ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು. 1880ರ ದಶಕದ ಆರಂಭದಲ್ಲಿ ಈ ಮಾರ್ಗ ಹಾಕಿದಾಗ ಹಳೆಯ ಕೋಟೆಯ ಬಗ್ಗೆ ಯಾರೂ ಹೆಚ್ಚು ತಲೆ ಕೆಡಿಸಿಕೊಂಡಂತಿಲ್ಲ. ನೂರಾರು ವರ್ಷ ಹಳೆಯ ಊರನ್ನು ಹಳಿ ಸೀಳಿಕೊಂಡೇ ಹೋಯಿತು.

ಮುಂದೆ ಜೋಡಿ ಮಾರ್ಗ ಮಾಡಲು ಹೊರಟಾಗ ಕಾಲ ಬದಲಾಗಿತ್ತು. ಎರಡನೆಯ ಹಳಿಗೆ ಅಡ್ಡ ಬಂದದ್ದು ಟಿಪ್ಪುವಿನ ಕಾಲದ ಶಸ್ತ್ರಾಗಾರ. ಇಟ್ಟಿಗೆ, ಗಾರೆಯ ದಪ್ಪ ಗೋಡೆಗಳ ಈ ಕಟ್ಟಡವನ್ನು ಒಡೆಯುವಂತಿರಲಿಲ್ಲ. ಹಳಿಯನ್ನು ಬಳಸಿ ಒಯ್ಯಲು ಜಾಗವೂ ಇರಲಿಲ್ಲ. ಕೊನೆಗೆ ಉಳಿದದ್ದು ಒಂದೇ ದಾರಿ: ಕಟ್ಟಡವನ್ನೇ ಎತ್ತಿ ಇಡುವುದು.

ಎತ್ತಿದ್ದು ಹೇಗೆ?

ಸುತ್ತಲಿನ ಮಣ್ಣು ಅಗೆದು, ಅಡಿಪಾಯದ ಕೆಳಗೆ ಉಕ್ಕಿನ ತೊಲೆಗಳನ್ನು ತೂರಿಸಲಾಯಿತು. ಹೈಡ್ರಾಲಿಕ್ ಜಾಕ್‌ಗಳು ಎಲ್ಲ ಕಡೆಯಿಂದಲೂ ಒಂದೇ ಸಮನೆ ಕಟ್ಟಡವನ್ನು ಮೇಲೆತ್ತಿದವು. ಒಂದು ಮೂಲೆ ತುಸು ಹೆಚ್ಚು ಎದ್ದರೂ ಗೋಡೆ ಬಿರುಕು ಬಿಡುವ ಅಪಾಯ. ಸುಮಾರು 1000 ಟನ್ ತೂಕದ ಶಸ್ತ್ರಾಗಾರವನ್ನು 2017ರಲ್ಲಿ ನೂರಕ್ಕೂ ಹೆಚ್ಚು ಮೀಟರ್ ದೂರ ಮೆಲ್ಲಮೆಲ್ಲನೆ ಸರಿಸಿ, ಹೊಸ ತಳಪಾಯದ ಮೇಲೆ ಕೂರಿಸಲಾಯಿತು. ಈಜಿಪ್ಟಿನ ಅಬು ಸಿಂಬೆಲ್ ದೇಗುಲಗಳನ್ನು 1960ರ ದಶಕದಲ್ಲಿ ತುಂಡು ತುಂಡಾಗಿ ಕತ್ತರಿಸಿ ಮತ್ತೆ ಜೋಡಿಸಿದ್ದರು. ಇಲ್ಲಿ ಹಾಗಲ್ಲ, ಕಟ್ಟಡ ಇಡಿಯಾಗಿಯೇ ಬಂತು.

ಹಾಗಾದರೆ ಎಲ್ಲವೂ ಉಳಿಯಿತೇ? ಶಸ್ತ್ರಾಗಾರವನ್ನು ಕಟ್ಟಿದವರು ಜಾಗವನ್ನು ಸುಮ್ಮನೆ ಆರಿಸಿರುವುದಿಲ್ಲ. ಕೋಟೆ, ಬುರುಜು, ದಾರಿ ಎಲ್ಲದಕ್ಕೂ ಅದರೊಂದಿಗೆ ನಂಟಿರುತ್ತದೆ. ಜಾಗ ಬದಲಾದಾಗ ಆ ನಂಟು ಕಡಿಯುತ್ತದೆ. ಹಾಗೆಂದು ರೈಲು ಬೇಡವೆನ್ನಲಾದೀತೇ? ನಿತ್ಯ ಕೆಲಸಕ್ಕೆ, ಕಾಲೇಜಿಗೆ ಓಡಾಡುವವರಿಗೆ ಜೋಡಿ ಮಾರ್ಗವೂ ಬೇಕು.

ಸೇತುವೆಯ ಪಾಠ

ಊರಿನ ಇನ್ನೊಂದು ಅಂಚಿನಲ್ಲಿ ವೆಲ್ಲೆಸ್ಲಿ ಸೇತುವೆಯಿದೆ. ದಿವಾನ್ ಪೂರ್ಣಯ್ಯನವರ ಉಸ್ತುವಾರಿಯಲ್ಲಿ 1804ರಲ್ಲಿ ಮುಗಿದ ಇದಕ್ಕೆ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರು. ಕಮಾನುಗಳಿಲ್ಲ, ಕಲ್ಲುಕಂಬಗಳ ಮೇಲೆ ಕಲ್ಲಿನ ತೊಲೆಗಳು. ಎರಡು ಶತಮಾನಗಳ ಕಾವೇರಿ ಪ್ರವಾಹಗಳನ್ನು ಅದು ಎದುರಿಸಿದೆ. ಕೃಷ್ಣರಾಜಸಾಗರದಿಂದ ಹೆಚ್ಚು ನೀರು ಬಿಟ್ಟಾಗ ಅದರ ಮೇಲೆ ಸಂಚಾರ ನಿಲ್ಲಿಸುತ್ತಾರೆ. ಹೆದ್ದಾರಿಗೆ ಬೇರೆ ಸೇತುವೆಗಳಿರುವುದರಿಂದಲೇ ಈ ಹಿರಿಯ ಸೇತುವೆಗೆ ಅಷ್ಟು ವಿಶ್ರಾಂತಿ ಸಾಧ್ಯ. ಹಳೆಯದರ ಹೊರೆಯನ್ನು ಹೊಸದು ಹೊತ್ತರೆ ಎರಡೂ ಬಾಳುತ್ತವೆ.

ಶಾಲಾ ಪ್ರವಾಸದಲ್ಲಿ ಮಕ್ಕಳು ಗುಂಬಜ್, ದರಿಯಾ ದೌಲತ್, ರಂಗನಾಥಸ್ವಾಮಿ ದೇವಾಲಯ ನೋಡಿ ಹೊರಟುಬಿಡುವುದೇ ಹೆಚ್ಚು. ರೈಲು ನಿಲ್ದಾಣದಲ್ಲಿ ಇಳಿದು ಶಸ್ತ್ರಾಗಾರದಿಂದ ಸೇತುವೆಯವರೆಗೆ ನಡೆದರೆ ಇತಿಹಾಸದ ಜತೆಗೆ ಎಂಜಿನಿಯರಿಂಗ್ ಪಾಠವೂ ಸಿಗುತ್ತದೆ. ಪ್ರವಾಹವಿಲ್ಲದ ದಿನ, ಹಿರಿಯರೊಬ್ಬರ ಜತೆಗಿದ್ದರೆ ಸಾಕು.