ಹೊಸ ಮೀನಿಗೂ ಕ್ವಾರಂಟೈನ್: ಎಷ್ಟು ದಿನ, ಏಕೆ?

2020ರ ಮೇ ತಿಂಗಳಲ್ಲಿ ದುಬೈನಿಂದ ಮಂಗಳೂರಿಗೆ ವಿಶೇಷ ವಿಮಾನ ಹತ್ತಿದವರು ನಮ್ಮ ಸದಸ್ಯರಲ್ಲಿ ಹಲವರಿದ್ದಾರೆ. ಮನೆ ಹತ್ತಿರದಲ್ಲೇ ಇದ್ದರೂ ಹೋಟೆಲ್ ಕೋಣೆಯಲ್ಲಿ ದಿನ ಎಣಿಸುತ್ತ ಕುಳಿತದ್ದನ್ನು ಅವರು ಮರೆತಿರಲಾರರು. "ನಾನು ಚೆನ್ನಾಗಿಯೇ ಇದ್ದೇನಲ್ಲ ಡಾಕ್ಟ್ರೇ, ನನ್ನನ್ನೇಕೆ ಕೂಡಿಹಾಕಿದ್ದಾರೆ?" ಎಂದು ಫೋನಿನಲ್ಲಿ ಕೇಳಿದವರಿಗೆಲ್ಲ, ಸೋಂಕು ಒಳಹೊಕ್ಕ ಮೇಲೆ ಲಕ್ಷಣ ಕಾಣಲು ದಿನಗಳು ಬೇಕು ಎಂದು ನಾನು ತಾಳ್ಮೆಯಿಂದ ಬಿಡಿಸಿ ಹೇಳಿದ್ದೆ.

ಅದೇ ನಾನು, ಎರಡು ವರ್ಷದ ಬಳಿಕ, ಮೊಮ್ಮಗನ ಹಟಕ್ಕೆ ಮಣಿದು ಒಂದು ನೀಲಿ ಟ್ಯಾಂಗ್ ಮೀನನ್ನು ಅಂಗಡಿಯಿಂದ ತಂದು ಅದೇ ಸಂಜೆ ಹವಳದ ತೊಟ್ಟಿಗೆ ಬಿಟ್ಟೆ. ಮೀನು ಚುರುಕಾಗಿತ್ತು, ಚೆನ್ನಾಗಿ ತಿನ್ನುತ್ತಿತ್ತು, ಮೈಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ಮೂರು ವಾರದೊಳಗೆ ನನ್ನ ಹಳೆಯ ಏಳು ಮೀನುಗಳಲ್ಲಿ ಐದು ಸತ್ತವು. ನಾಲ್ಕು ವರ್ಷದಿಂದ ಮನೆಯವರಂತೆಯೇ ಇದ್ದ ಕ್ಲೌನ್ ಮೀನಿನ ಜೋಡಿಯೂ ಅದರಲ್ಲಿ ಹೋಯಿತು. ಹೊಸದಾಗಿ ಬಂದ ಟ್ಯಾಂಗ್ ಮಾತ್ರ ಬದುಕಿತು. "ಅಜ್ಜ, ನೀವು ಡಾಕ್ಟರ್ ಅಲ್ವಾ?" ಎಂದ ಮೊಮ್ಮಗ.

ಕೊಂದದ್ದು ಕ್ರಿಪ್ಟೋಕಾರಿಯಾನ್ ಇರಿಟಾನ್ಸ್ ಎಂಬ ಏಕಕೋಶ ಪರಾವಲಂಬಿ. ಹವ್ಯಾಸಿಗಳು ಇದನ್ನು 'ಮೆರೈನ್ ಇಕ್' ಎನ್ನುತ್ತಾರೆ. ಊರಿನಲ್ಲಿ ಗೋಲ್ಡ್‌ಫಿಶ್ ಸಾಕಿದವರಿಗೆ ಸಿಹಿನೀರಿನ ಬಿಳಿಚುಕ್ಕೆ ರೋಗ ಗೊತ್ತಿರುತ್ತದೆ. ನೋಡಲು ಎರಡೂ ಒಂದೇ ತರಹ, ಆದರೆ ಜೀವಿ ಬೇರೆ. ನೀರನ್ನು ಸ್ವಲ್ಪ ಬೆಚ್ಚಗೆ ಮಾಡಿ ಅಲ್ಲಿ ಗೆದ್ದವರು ಇಲ್ಲಿ ಸೋಲುತ್ತಾರೆ. ಇದು ಉಷ್ಣವಲಯದ ಕಡಲಿನದು, ಆ ಬಿಸಿಗೆ ಜಗ್ಗುವುದಿಲ್ಲ.

ಇದರ ಬದುಕು ಮೂರು ಹಂತದ್ದು. ಮೊದಲು ಮೀನಿನ ಚರ್ಮ ಮತ್ತು ಕಿವಿರಿನ ಮೇಲ್ಪದರದ ಕೆಳಗೆ ಸೇರಿ 3ರಿಂದ 7 ದಿನ ಮೇಯುತ್ತದೆ. ನಾವು ಕಾಣುವ ಬಿಳಿ ಚುಕ್ಕೆ ಇದೇ. ಕಿವಿರಿನಲ್ಲಿ ಮಾತ್ರ ಇದ್ದರೆ ಏನೂ ಕಾಣುವುದಿಲ್ಲ. ಆಮೇಲೆ ಮೀನನ್ನು ಬಿಟ್ಟು ಕೆಳಗಿಳಿದು ಕಲ್ಲು, ಮರಳು, ಗಾಜಿಗೆ ಅಂಟಿ ಗಟ್ಟಿ ಕೋಶ ಕಟ್ಟಿಕೊಳ್ಳುತ್ತದೆ. ಒಳಗೆ ಒಂದು ನೂರಾರಾಗುತ್ತದೆ. ಕೊನೆಗೆ ಕೋಶ ಒಡೆದು ಮರಿಗಳು ಈಜಿ ಹೊಸ ಮೀನನ್ನು ಹುಡುಕುತ್ತವೆ. ಒಂದೆರಡು ದಿನದಲ್ಲಿ ಮೀನು ಸಿಗದಿದ್ದರೆ ಸಾಯುತ್ತವೆ. ಚುಕ್ಕೆ ಮಾಯವಾದಾಗ "ವಾಸಿಯಾಯಿತು" ಎಂದು ನಾನು ಸಂತೋಷಪಟ್ಟ ದಿನ, ಅವು ಕೆಳಗೆ ಮರಳಿನಲ್ಲಿ ಮರಿ ಮಾಡುತ್ತಿದ್ದವು. ಒಮ್ಮೆ ಸೋಂಕು ತಗುಲಿ ಬದುಕಿದ ಮೀನಿಗೆ ಅರೆಬರೆ ಪ್ರತಿರೋಧ ಬರುತ್ತದೆ. ತಾನು ಬೀಳದೆ ಇತರರಿಗೆ ಹಂಚುತ್ತದೆ. ನಮ್ಮ ಟ್ಯಾಂಗ್ ಹಾಗೆಯೇ ಇದ್ದಿರಬೇಕು.

ಹಾಗಾದರೆ ಎಷ್ಟು ದಿನ? 1377ರಲ್ಲಿ ರಗೂಸಾ, ಅಂದರೆ ಇಂದಿನ ದುಬ್ರೋವ್ನಿಕ್, ಪ್ಲೇಗ್ ಇದ್ದ ಊರುಗಳಿಂದ ಬಂದವರನ್ನು 30 ದಿನ ಹೊರಗಿಟ್ಟಿತು. ಮುಂದೆ ಅದು 40 ಆಯಿತು, 'ಕ್ವಾರಂಟೈನ್' ಎಂಬ ಹೆಸರೂ ಆ ನಲವತ್ತರಿಂದಲೇ ಬಂತು. ರೋಗಾಣು ಎಂಬುದೇ ಗೊತ್ತಿಲ್ಲದ ಕಾಲದ ಅಂದಾಜು ಅದು. ಮೀನಿನ ವಿಷಯದಲ್ಲಿ ಅಂದಾಜು ಬೇಕಿಲ್ಲ, ಪರಾವಲಂಬಿಯ ಜೀವನಚಕ್ರವೇ ಲೆಕ್ಕ ಕೊಡುತ್ತದೆ.

ನನಗೆ ಹಿಡಿಸಿದ ವಿಧಾನ ತೊಟ್ಟಿ ಬದಲಿಸುವುದು. ಮೀನನ್ನು ಬಿಟ್ಟು ಕೆಳಗಿಳಿದ ಪರಾವಲಂಬಿ ಮರಿ ಹೊರಹಾಕಲು ಕನಿಷ್ಠ ಮೂರು ದಿನ ಬೇಕು. ಆದ್ದರಿಂದ ಸರಿಯಾಗಿ 72 ಗಂಟೆಗೊಮ್ಮೆ, ಒಟ್ಟು ನಾಲ್ಕು ಬಾರಿ, ಮೀನನ್ನು ಒಣಗಿಸಿಟ್ಟ ಸ್ವಚ್ಛ ತೊಟ್ಟಿಗೆ, ಹೊಸ ನೀರಿಗೆ ಸಾಗಿಸಬೇಕು. ಉದುರಿದವು ಹಿಂದೆಯೇ ಉಳಿಯುತ್ತವೆ. ಎರಡು ಪ್ಲಾಸ್ಟಿಕ್ ಡಬ್ಬಿ ಸಾಕು, ಔಷಧವೇ ಬೇಡ. ಆದರೆ ಇದು ಅಮೈಲೂಡಿನಿಯಂ, ಅಂದರೆ 'ವೆಲ್ವೆಟ್' ರೋಗವನ್ನು ತಡೆಯುವುದಿಲ್ಲ. ಅದು ಬಂದರೆ ಎರಡು ಮೂರು ದಿನದಲ್ಲೇ ಮೀನು ಹೋಗಬಹುದು.

ಎರಡಕ್ಕೂ ಕೆಲಸ ಮಾಡುವುದು ತಾಮ್ರ. ಅಯಾನಿಕ್ ತಾಮ್ರವಾದರೆ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ, ಕೀಲೇಟೆಡ್ ತಾಮ್ರದ ಪ್ರಮಾಣ ಇದಕ್ಕಿಂತ ತುಂಬ ಹೆಚ್ಚು, ಬಾಟಲಿಯ ಮೇಲಿನದನ್ನೇ ಪಾಲಿಸಿ. ಕಡಿಮೆಯಾದರೆ ಉಪಯೋಗವಿಲ್ಲ, ಹೆಚ್ಚಾದರೆ ವಿಷ. ದಿನವೂ ಟೆಸ್ಟ್ ಕಿಟ್‌ನಿಂದ ಅಳೆಯಬೇಕು, 30 ದಿನ ಒಂದೇ ಮಟ್ಟದಲ್ಲಿಡಬೇಕು. ಇದೇ ತಾಮ್ರ ಹವಳ, ಸೀಗಡಿ, ಬಸವನಹುಳುಗಳನ್ನು ಕೊಲ್ಲುತ್ತದೆ. ಹವಳದ ತೊಟ್ಟಿಗೆ ರೋಗ ಹೊಕ್ಕ ಮೇಲೆ ಅಲ್ಲೇ ಚಿಕಿತ್ಸೆ ಕೊಡಲಾಗದು ಎಂಬುದಕ್ಕೆ ಕಾರಣ ಇದೇ. ಮಲೇರಿಯಾಕ್ಕೆ ನಾವು ಬರೆದುಕೊಡುತ್ತಿದ್ದ ಕ್ಲೋರೋಕ್ವಿನ್ ಕೂಡ ಮೀನಿಗೆ ಬಳಕೆಯಲ್ಲಿದೆ. ಹಾಗೆಂದು ಮನೆಯಲ್ಲಿರುವ ಮಾತ್ರೆ ಪುಡಿ ಮಾಡಿ ಹಾಕಲು ಹೋಗಬೇಡಿ.

ಕ್ವಾರಂಟೈನ್ ತೊಟ್ಟಿ ಬೋಳಾಗಿರಲಿ: ಹೀಟರ್, ಸ್ಪಂಜ್ ಫಿಲ್ಟರ್, ಅಡಗಲು ಪಿವಿಸಿ ಪೈಪಿನ ತುಂಡು. ಕಲ್ಲು, ಮರಳು ತಾಮ್ರವನ್ನು ಹೀರಿಕೊಳ್ಳುತ್ತವೆ. ಇಂಥ ತೊಟ್ಟಿಯಲ್ಲಿ ಹೆಚ್ಚು ಮೀನು ಸಾಯುವುದು ಅಮೋನಿಯಾದಿಂದ, ಆದ್ದರಿಂದ ಸ್ಪಂಜನ್ನು ಕೆಲವು ವಾರ ಮೊದಲೇ ಬ್ಯಾಕ್ಟೀರಿಯಾ ಬೆಳೆಯಲು ಬಿಟ್ಟಿರಬೇಕು. ಅಮೋನಿಯಾ ಕಡಿಮೆ ಮಾಡುವ ದ್ರಾವಣಗಳನ್ನು ತಾಮ್ರದ ಜೊತೆ ಸೇರಿಸಬಾರದು, ತಾಮ್ರದ ವಿಷ ಏರುತ್ತದೆ.

ಇಲ್ಲಿಯದೇ ಒಂದು ಮಾತು. ಅಬುಧಾಬಿ, ದುಬೈ ಎದುರಿನ ಕೊಲ್ಲಿಯ ನೀರಿನಲ್ಲಿ ಉಪ್ಪು ಸಾವಿರಕ್ಕೆ 40ರ ಆಸುಪಾಸು, ಸಾಗರದಲ್ಲಿ 35. ಅಂಗಡಿಗಳು ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ ಇಡುತ್ತವೆ. ಚೀಲದ ನೀರಿನ ಉಪ್ಪನ್ನು ಅಳೆದು ತೊಟ್ಟಿಯನ್ನು ಅದಕ್ಕೆ ಹೊಂದಿಸಿ, ಆಮೇಲೆ ದಿನ ದಿನ ಸ್ವಲ್ಪ ಸ್ವಲ್ಪ ಏರಿಸಿ. ಉಪ್ಪು ತಟ್ಟನೆ ಏರುವುದನ್ನು ಮೀನು ಸಹಿಸದು. ಬೇಸಿಗೆಯಲ್ಲಿ ಚೀಲವನ್ನು ಕಾರಿನ ಡಿಕ್ಕಿಯಲ್ಲಿ ಇಡಬಾರದೆಂದು ಬೇರೆ ಹೇಳಬೇಕಿಲ್ಲ.

ಇನ್ನು ಸೋಂಕು ಹೊಕ್ಕ ದೊಡ್ಡ ತೊಟ್ಟಿಯ ಗತಿ? 1898ರ ಪ್ಲೇಗಿನ ಮುಂದಿನ ವರ್ಷಗಳಲ್ಲಿ ಮೈಸೂರು ಸೀಮೆಯ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇದ್ದದ್ದನ್ನು ನಮ್ಮಜ್ಜಿ ಹೇಳುತ್ತಿದ್ದರು. ತೊಟ್ಟಿಗೂ ಅದೇ ಉಪಾಯ: ಮೀನುಗಳನ್ನೆಲ್ಲ ತೆಗೆದು ಹವಳವನ್ನಷ್ಟೇ ಬಿಡುವುದು. ಕೋಶ ಒಡೆಯಲು ಅತಿ ಹೆಚ್ಚೆಂದರೆ 72 ದಿನ ಹಿಡಿದದ್ದು ದಾಖಲಾಗಿದೆ. ಅದಕ್ಕೆ ನಾಲ್ಕು ಸೇರಿಸಿ ಹವ್ಯಾಸಿಗಳು 76 ಎನ್ನುತ್ತಾರೆ. ನೀರು 27 ಡಿಗ್ರಿ ಇದ್ದರೆ 45 ಸಾಕು ಎನ್ನುವವರೂ ಇದ್ದಾರೆ. ನಾನು 76 ದಿನವನ್ನೇ ಪಾಲಿಸಿದೆ, ಇನ್ನೊಮ್ಮೆ ಮೊಮ್ಮಗನ ಆ ಪ್ರಶ್ನೆ ಕೇಳುವ ಧೈರ್ಯವಿರಲಿಲ್ಲ. ಹೊಸ ಹವಳ, ಶಂಖದ ಚಿಪ್ಪಿನ ಮೇಲೂ ಕೋಶ ಅಂಟಿ ಬರಬಹುದು. ಅವಕ್ಕೂ ಮೀನಿಲ್ಲದ ತೊಟ್ಟಿಯಲ್ಲಿ ಇಷ್ಟೇ ವಾಸ.

ಆ ಬೇಸಿಗೆ ಮನೆಯವರೆಲ್ಲ ಊರಿಗೆ ಹೋದರು. ಉಳಿದ ಮೂರು ಮೀನಿನ ತಾಮ್ರ ಅಳೆಯುತ್ತ ನಾನೊಬ್ಬ ಇಲ್ಲೇ ಉಳಿದೆ. ಜೂನ್ ಕೊನೆಯಲ್ಲಿ ರಜೆಗೆ ಹೊರಡುವವರು ಏಪ್ರಿಲ್ ದಾಟಿದ ಮೇಲೆ ಹೊಸ ಮೀನು ತರಬೇಡಿ. ಪಕ್ಕದ ಫ್ಲಾಟಿನವರು ಎರಡು ಹೊತ್ತು ಆಹಾರ ಹಾಕಿಯಾರು, ಟೆಸ್ಟ್ ಕಿಟ್ ಹಿಡಿಯಿರಿ ಎಂದು ಅವರನ್ನು ಕೇಳುವುದು ಕಷ್ಟ.