ನಡೆದದ್ದೆಷ್ಟು? ಸರಿದದ್ದೆಷ್ಟು?

ಹೈಸ್ಕೂಲು ಮಕ್ಕಳ ಪಾಲಿಗೆ ಭೌತವಿಜ್ಞಾನದ ಹೆಬ್ಬಾಗಿಲೆಂದರೆ ಚಲನೆಯ ಪಾಠ. ಒಂಬತ್ತನೆಯ ತರಗತಿಯಲ್ಲಿ ಇದನ್ನು ಸರಿಯಾಗಿ ಗ್ರಹಿಸದ ವಿದ್ಯಾರ್ಥಿಯು ಮುಂದೆ ಬಲ, ಸಂವೇಗ, ಶಕ್ತಿ ಎಂಬ ಒಂದೊಂದು ಹೊಸ್ತಿಲಿನಲ್ಲಿಯೂ ಎಡವುತ್ತಾನೆ. ಕೊನೆಗೆ ವಿಜ್ಞಾನವು ತನಗೆ ಹೇಳಿಸಿದ್ದಲ್ಲವೆಂದು ಕೈಚೆಲ್ಲುತ್ತಾನೆ. ಸೂತ್ರವನ್ನು ಮೊದಲು ಬಾಯಿಪಾಠ ಮಾಡಿಸಿ ಅರ್ಥವನ್ನು ಆಮೇಲೆ ನೋಡಿಕೊಳ್ಳೋಣವೆನ್ನುವ ಕ್ರಮವೇ ಅನೇಕ ವೇಳೆ ಇದಕ್ಕೆ ಕಾರಣವಾಗಿದೆ.

ಮೊದಲ ತೊಡಕು ಶಬ್ದಗಳದು. ಆಡುಮಾತಿನಲ್ಲಿ ಜವವೂ ವೇಗವೂ ಒಂದೇ. ಪಠ್ಯಪುಸ್ತಕವಾದರೋ ದಿಕ್ಕಿನ ಗೊಡವೆಯಿಲ್ಲದ್ದನ್ನು ‘ಜವ’ವೆಂದೂ, ದಿಕ್ಕನ್ನೊಳಗೊಂಡದ್ದನ್ನು ‘ವೇಗ’ವೆಂದೂ ಬೇರ್ಪಡಿಸುತ್ತದೆ. ಚಲಿಸಿದ ದೂರಕ್ಕೂ ‘ಸ್ಥಾನಪಲ್ಲಟ’ಕ್ಕೂ ಇರುವ ಭೇದವೂ ಅಂಥದೇ. ಮುಂಬಯಿಯ ನಮ್ಮ ಮಕ್ಕಳ ಕಿವಿಗೆ ಮರಾಠಿಯ ‘ಚಾಲ’, ‘ವೇಗ’, ‘ವಿಸ್ಥಾಪನ’ಗಳೂ ಬೀಳುತ್ತವೆ. ಎರಡು ಭಾಷೆಗಳಲ್ಲಿಯೂ ‘ವೇಗ’ವು ಒಂದೇ ಅರ್ಥದಲ್ಲಿ ನಿಂತಿರುವುದನ್ನು ತೋರಿಸಿಕೊಟ್ಟರೆ ಗೊಂದಲವು ಅರ್ಧ ಕಳೆಯುತ್ತದೆ.

ಇನ್ನು ದೃಷ್ಟಾಂತಗಳು. ಅವುಗಳಿಗಾಗಿ ದೂರ ಹೋಗಬೇಕಾಗಿಲ್ಲ. ಹೋಟೆಲೊಂದರಲ್ಲಿ ಅಡುಗೆಮನೆಯ ಬಾಗಿಲಿನಿಂದ ಕೊನೆಯ ಮೇಜಿನವರೆಗೆ ನೇರವಾಗಿ 12 ಮೀಟರು ಇದೆಯೆನ್ನೋಣ. ಸಪ್ಲೈಯರನು 200 ಸಲ ಹೋಗಿ ಬಂದರೆ ಅವನು ನಡೆದ ದೂರವು 4,800 ಮೀಟರು. ಆದರೆ ಕೊನೆಗೆ ಅವನು ಹೊರಟ ಬಾಗಿಲಿನಲ್ಲಿಯೇ ನಿಂತಿರುವುದರಿಂದ ಸ್ಥಾನಪಲ್ಲಟವು ಸೊನ್ನೆ! ಹುಡುಗರು ಇದನ್ನು ಕೇಳಿ ನಗುತ್ತಾರೆ, ನಗಲಿ. ಸ್ಥಾನಪಲ್ಲಟವು ಬೆವರಿನ ಲೆಕ್ಕವನ್ನಿಡುವುದಿಲ್ಲ; ಎಲ್ಲಿಂದ ಹೊರಟೆ, ಎಲ್ಲಿ ನಿಂತೆ ಎಂಬೆರಡೇ ಪ್ರಶ್ನೆಗಳನ್ನು ಕೇಳುತ್ತದೆ ಎಂಬುದು ಆ ನಗೆಯೊಡನೆಯೇ ಮನಸ್ಸಿನಲ್ಲಿ ನೆಲೆಗೊಳ್ಳುತ್ತದೆ.

ಎರಡನೆಯ ತೊಡಕು ಋಣಚಿಹ್ನೆಯದು. ಅಂಗಡಿಯ ಲೆಕ್ಕದಲ್ಲಿ ಋಣವೆಂದರೆ ನಷ್ಟ. ಚಲನೆಯ ಲೆಕ್ಕದಲ್ಲಿ ಅದು ಕೇವಲ ಎದುರು ದಿಕ್ಕು. ಪಶ್ಚಿಮ ರೈಲ್ವೆಯ ಲೋಕಲ್ ಮಾರ್ಗವನ್ನು ಒಂದು ಸರಳರೇಖೆಯೆಂದು ಭಾವಿಸಿ, ದಾದರನ್ನು ಸೊನ್ನೆಯಾಗಿಟ್ಟುಕೊಳ್ಳೋಣ. ವಿರಾರ್ ಕಡೆಗೆ ಧನ, ಚರ್ಚ್‌ಗೇಟ್ ಕಡೆಗೆ ಋಣ. ಸುಮಾರು ಲೆಕ್ಕದಲ್ಲಿ ಬಾಂದ್ರಾ +5, ಅಂಧೇರಿ +12, ಚರ್ಚ್‌ಗೇಟ್ -10 ಕಿಲೋಮೀಟರು. ಒಬ್ಬನು ದಾದರಿನಿಂದ ಅಂಧೇರಿಗೆ ಹೋಗಿ, ಹಿಂದಿರುಗಿ ಬಾಂದ್ರಾದಲ್ಲಿ ಇಳಿದನು. ಒಟ್ಟು ಒಂದು ತಾಸು ಹಿಡಿಯಿತು. ಅವನು ಕ್ರಮಿಸಿದ ದೂರ 12ಕ್ಕೆ 7 ಕೂಡಿ 19 ಕಿಲೋಮೀಟರು, ಸ್ಥಾನಪಲ್ಲಟ +5. ಸರಾಸರಿ ಜವವು ತಾಸಿಗೆ 19 ಕಿಲೋಮೀಟರಾದರೆ, ಸರಾಸರಿ ವೇಗವು ಉತ್ತರಾಭಿಮುಖವಾಗಿ ತಾಸಿಗೆ 5 ಮಾತ್ರ. ಬಾಂದ್ರಾದಲ್ಲಿ ಇಳಿಯದೆ ಚರ್ಚ್‌ಗೇಟಿಗೇ ಹೋಗಿದ್ದರೆ ಸ್ಥಾನಪಲ್ಲಟವು -10 ಆಗುತ್ತಿತ್ತು.

ಇದೇ ಲೆಕ್ಕವನ್ನು ಚರ್ಚ್‌ಗೇಟನ್ನು ಸೊನ್ನೆಯಾಗಿಟ್ಟು ಮತ್ತೊಮ್ಮೆ ಮಾಡಿಸಬೇಕು. ಆಗ ದಾದರು 10, ಬಾಂದ್ರಾ 15. ವ್ಯತ್ಯಾಸವು ಮತ್ತೆ 5. ಸೊನ್ನೆಯನ್ನು ಎಲ್ಲಿಟ್ಟರೂ ಸ್ಥಾನಪಲ್ಲಟವು ಬದಲಾಗದೆಂಬ ತತ್ತ್ವವನ್ನು ಹುಡುಗನು ತಾನಾಗಿಯೇ ಕಂಡುಕೊಳ್ಳುತ್ತಾನೆ.

ಮೂರನೆಯದು ಸೂಕ್ಷ್ಮವಾದ ಭ್ರಾಂತಿ. ಅಮೆರಿಕದ ಟ್ರೋಬ್ರಿಜ್ ಮತ್ತು ಮೆಕ್‌ಡರ್ಮಟ್ ಎಂಬ ಸಂಶೋಧಕರು 1980ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಗುಂಡುಗಳು ಅಕ್ಕಪಕ್ಕಕ್ಕೆ ಬಂದ ಕ್ಷಣದಲ್ಲಿ ಅವುಗಳ ಜವವೂ ಸಮವೆಂದು ಕಾಲೇಜು ವಿದ್ಯಾರ್ಥಿಗಳೂ ಭಾವಿಸುವುದುಂಟೆಂದು ತೋರಿಸಿದರು. ನಮ್ಮ ಫಾಸ್ಟ್ ಲೋಕಲು ಸ್ಲೋ ಲೋಕಲನ್ನು ಹಿಂದಿಕ್ಕುವಾಗ ಕಿಟಕಿಗೆ ಕಿಟಕಿ ಸರಿಗೂಡುವ ಗಳಿಗೆಯೊಂದುಂಟಲ್ಲವೆ? ಆಗ ಸ್ಥಾನವೊಂದೇ, ವೇಗ ಬೇರೆ. ಇಲ್ಲವಾದರೆ ಒಂದು ಮತ್ತೊಂದನ್ನು ದಾಟುವುದೆಂತು? ದಿನವೂ ಲೋಕಲಿನಲ್ಲಿ ಸಂಚರಿಸುವ ಹುಡುಗನಿಗೆ ಇದಕ್ಕಿಂತ ಸ್ಪಷ್ಟವಾದ ಪ್ರಯೋಗಶಾಲೆ ಬೇಕಿಲ್ಲ.

ಉಪಕರಣಗಳಿಲ್ಲವೆಂಬ ನೆಪವೂ ನಿಲ್ಲದು. 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಗೆಲಿಲಿಯೊ, ಇಳಿಜಾರು ಹಲಗೆಯ ಮೇಲೆ ಕಂಚಿನ ಗುಂಡನ್ನು ಉರುಳಿಸಿ, ಸಣ್ಣ ಕೊಳವೆಯಿಂದ ಹರಿದ ನೀರನ್ನು ತೂಗಿ ಕಾಲವನ್ನಳೆದ ಬಗೆಯನ್ನು ವರ್ಣಿಸಿದ್ದಾನೆ. ನಮಗೆ ಶಾಲೆಯ ಜಗಲಿ, ಸೀಮೆಸುಣ್ಣ, ಒಂದು ಗಡಿಯಾರ ಸಾಕು. ಹತ್ತು ಮೀಟರಿನ ಗೆರೆ ಎಳೆದು ಮೀಟರಿಗೊಂದು ಗುರುತು ಹಾಕಿ. ಒಬ್ಬನು ನಡೆಯಲಿ, ಮತ್ತೊಬ್ಬನು ಎರಡು ಸೆಕೆಂಡಿಗೊಮ್ಮೆ ಚಪ್ಪಾಳೆ ತಟ್ಟಲಿ, ಮೂರನೆಯವನು ಸ್ಥಾನವನ್ನು ಬರೆದುಕೊಳ್ಳಲಿ. ಆ ಅಂಕಿಗಳಿಂದ ನಕ್ಷೆ ಎಳೆದಾಗ, ನಿಂತರೆ ಅಡ್ಡಗೆರೆ, ಮುನ್ನಡೆದರೆ ಏರುವ ಗೆರೆ, ಹಿಂದಿರುಗಿದರೆ ಇಳಿಯುವ ಗೆರೆ ಬರುವುದು. ಇಳಿಯುವ ಗೆರೆಯೆಂದರೆ ಇಳಿಜಾರು ದಾರಿಯಲ್ಲವೆಂದೂ, ಗೆರೆಯ ಓಟವೇ ವೇಗವೆಂದೂ ಆಗ ವಿವರಿಸಬೇಕು. ಸೂತ್ರವು ಇದಾದ ಮೇಲೆ ಬರಲಿ.

ಹಗಲು ದುಡಿದು ರಾತ್ರಿಶಾಲೆಯಲ್ಲಿ ಓದಿದವರ ಮಕ್ಕಳು, ಮೊಮ್ಮಕ್ಕಳು ಇಂದು ವಿಜ್ಞಾನದ ಹೊಸ್ತಿಲಿನಲ್ಲಿದ್ದಾರೆ. ಉಪಾಧ್ಯಾಯರಲ್ಲಿಯೂ ಪೋಷಕರಲ್ಲಿಯೂ ನಮ್ಮ ವಿನಂತಿಯಿಷ್ಟೆ: ಮಗುವು ಉತ್ತರ ಹೇಳಿದೊಡನೆ, “ಯಾವ ಕಡೆಗೆ?” ಎಂದು ಮತ್ತೊಂದು ಪ್ರಶ್ನೆ ಕೇಳಿರಿ. ವೇಗದ ಪಾಠವೆಲ್ಲ ಆ ಪ್ರಶ್ನೆಯಲ್ಲಿ ಅಡಗಿದೆ.