ಕಾಮನಬಿಲ್ಲಿನ ಹೂವೂ ನಮ್ಮ ಹಿತ್ತಲ ದಾಸವಾಳವೂ

ದೇವರ ಪೂಜೆಗೆ ನಾಲ್ಕು ಹೂ ಬೇಕೆಂಬ ಒಂದೇ ಕಾರಣದಿಂದ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಹಿತ್ತಲು ಇನ್ನೂ ಹಿತ್ತಲಾಗಿ ಉಳಿದಿದೆ. ಬೈಲಹೊಂಗಲದ ಓಣಿಗಳಲ್ಲಾಗಲಿ, ಕಿತ್ತೂರಿನ ಕೋಟೆಯ ನೆರೆಯಲ್ಲಾಗಲಿ, ಸವದತ್ತಿ ರಾಮದುರ್ಗಗಳ ಬಿಸಿಲೂರುಗಳಲ್ಲಾಗಲಿ, ಬಚ್ಚಲ ನೀರು ಹರಿದುಹೋಗುವಲ್ಲಿ ಒಂದು ದಾಸವಾಳ, ಗೋಡೆಗೆ ಒರಗಿ ಒಂದು ಮಲ್ಲಿಗೆ, ಮೂಲೆಯಲ್ಲಿ ಒಂದು ಕಣಗಿಲೆ ಕಾಣಸಿಗುವದುಂಟು. ಇವನ್ನು ನೆಟ್ಟವರು ಯಾರೆಂದು ಕೇಳಿದರೆ, ಅಜ್ಜಿ ತವರಿನಿಂದ ತಂದ ಟೊಂಗೆಯೆಂದೋ, ನೆರೆಮನೆಯವರು ಕೊಟ್ಟ ಬೇರೆಂದೋ ಉತ್ತರ ಬರುವದು. ಆದರೆ ಇದುವರೆಗೆ ಯಾರ ಕಣ್ಣಿಗೂ ಬೀಳದ ಒಂದು ಹೊಸ ಹೂವನ್ನು ನಮ್ಮ ಹಿತ್ತಲಲ್ಲಿಯೇ, ನಮ್ಮ ಕೈಯಿಂದಲೇ ಹುಟ್ಟಿಸಬಹುದೆಂಬ ವಿಚಾರವು ನಮ್ಮಲ್ಲಿ ಬಹು ಜನರ ಮನಸ್ಸಿಗೆ ಹೊಳೆಯುವದಿಲ್ಲ. ಅದು ದೊಡ್ಡ ಪಂಡಿತರ ಕೆಲಸವೆಂದು ನಾವು ಸುಮ್ಮನಾಗುತ್ತೇವೆ. ಈ ತಿಳಿವಳಿಕೆಯು ಸರಿಯಲ್ಲವೆಂದು ತೋರಿಸುವದೇ ಈ ಲೇಖನದ ಉದ್ದೇಶ.

ಐರಿಸ್ ಎಂಬ ಹೂವಿನ ಕತೆಯಿಂದ ಆರಂಭಿಸೋಣ. ಗ್ರೀಕರ ಪುರಾಣದಲ್ಲಿ ಐರಿಸ್ ಎಂದರೆ ಕಾಮನಬಿಲ್ಲಿನ ಅಧಿದೇವತೆ. ಹೂವಿಗೆ ಆಕೆಯ ಹೆಸರನ್ನಿಟ್ಟದ್ದು ಅದರ ಬಣ್ಣಗಳ ವೈವಿಧ್ಯಕ್ಕಾಗಿ. ಈ ಕುಲದಲ್ಲಿ ಸುಮಾರು ೩೦೦ ಜಾತಿಗಳಿವೆ. ಇವುಗಳಲ್ಲಿ ತೋಟಗಾರರ ಪ್ರೀತಿಗೆ ಹೆಚ್ಚು ಪಾತ್ರವಾದದ್ದು 'ಗಡ್ಡದ ಐರಿಸ್'. ಇದರ ಮೂರು ದಳಗಳು ಗೋಪುರದಂತೆ ಮೇಲೆದ್ದು ಕೂಡಿಕೊಳ್ಳುತ್ತವೆ. ಇನ್ನು ಮೂರು ಕೆಳಕ್ಕೆ ಜೋಲುತ್ತವೆ. ಜೋಲುವ ದಳಗಳ ನಡುವೆ ರೇಶಿಮೆಯಂಥ ಕೂದಲಿನ ಸಾಲೊಂದು ಇರುವದು, ಅದೇ ಗಡ್ಡ.

ಈ ಹೂವಿನ ಹೊಸ ತಳಿಗಳನ್ನು ಬೆಳೆಸಿದವರಲ್ಲಿ ಬಹು ಜನರು ತೋಟಗಾರಿಕೆಯನ್ನು ಉದ್ಯೋಗ ಮಾಡಿಕೊಂಡವರಲ್ಲ ಎಂಬದು ಗಮನಿಸತಕ್ಕ ಸಂಗತಿ. ಅವರಲ್ಲಿ ಮೊದಲು ಹೇಳಬೇಕಾದವರು ಸರ್ ಮೈಕೇಲ್ ಫಾಸ್ಟರರು (೧೮೩೬–೧೯೦೭). ಇವರು ಇಂಗ್ಲಂಡದ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ೧೮೮೩ ರಿಂದ ೧೯೦೩ ರ ವರೆಗೆ ಶರೀರಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಪಾಠದ ಕೋಣೆಯಿಂದ ಹೊರಬಿದ್ದರೆ ಇವರ ಮನಸ್ಸು ಮನೆಯ ತೋಟದ ಐರಿಸ್ ಪಾತಿಗಳಲ್ಲಿ. ತುರ್ಕಸ್ಥಾನದಲ್ಲಿದ್ದ ಮಿಶನರಿಗಳಿಗೆ ಕಾಗದ ಬರೆದು ಅಲ್ಲಿಯ ಐರಿಸ್ ಗಡ್ಡೆಗಳನ್ನು ತರಿಸಿಕೊಳ್ಳುತ್ತಿದ್ದರು. ಹೀಗೆ ಬಂದವುಗಳಲ್ಲಿ ಅಮಾಸ್ಯ ಎಂಬ ಊರಿನದೊಂದು ದೊಡ್ಡ ಹೂವಿನ ಗಿಡವಿತ್ತು. ಅದರ ಪರಾಗವನ್ನು ಯುರೋಪದ ಹಳೆಯ ಐರಿಸ್‌ಗಳಿಗೆ ಕೂಡಿಸಿ ಬೆಳೆಸಿದ ಸಂತತಿಯಿಂದ ಈ ಹೂವಿನ ಇತಿಹಾಸವೇ ಬದಲಾಯಿತು.

ಅದೇಕೆಂಬದು ಆ ಕಾಲದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಜೀವಕೋಶದೊಳಗೆ ವರ್ಣತಂತುಗಳೆಂಬ ಸೂಕ್ಷ್ಮವಾದ ಎಳೆಗಳಿರುತ್ತವೆ; ತಾಯಿತಂದೆಗಳ ಗುಣಗಳು ಮಕ್ಕಳಿಗೆ ಬರುವದು ಇವುಗಳ ಮೂಲಕ. ಯುರೋಪದ ಹಳೆಯ ಎತ್ತರದ ಐರಿಸ್‌ಗಳಲ್ಲಿ ಈ ಎಳೆಗಳು ೨೪. ಪೂರ್ವದಿಂದ ಬಂದ ದೊಡ್ಡ ಹೂವಿನವುಗಳಲ್ಲಿ ೪೮. ಎಳೆಗಳು ಇಮ್ಮಡಿಯಾದಂತೆ ದಳಗಳು ಅಗಲವಾದವು, ದಪ್ಪವಾದವು, ಬಣ್ಣಗಳ ಹೆಣಿಕೆಗೆ ಎಡೆ ಹೆಚ್ಚಾಯಿತು. ಈ ಲೆಕ್ಕವನ್ನು ವಿಜ್ಞಾನಿಗಳು ಬಿಡಿಸಿದ್ದು ಫಾಸ್ಟರರು ತೀರಿಕೊಂಡ ಮೇಲೆ. ಅವರ ತರುವಾಯ ಬ್ಲಿಸ್ ಎಂಬ ಇಂಜಿನಿಯರರು ೧೯೧೭ ರಲ್ಲಿ ಹೊರತಂದ 'ಡೊಮಿನಿಯನ್' ಎಂಬ ಮಖಮಲ್ಲಿನಂಥ ಹೂವೂ, ಸೆಡ್ರಿಕ್ ಮಾರಿಸ್ ಎಂಬ ಚಿತ್ರಕಾರರು ಬೆಳೆಸಿದ 'ಬೆಂಟನ್' ಐರಿಸ್‌ಗಳೂ ಹೆಸರಾದವು. ೧೯೨೦ ರಲ್ಲಿ ಅಮೇರಿಕದಲ್ಲಿ ಐರಿಸ್ ಪ್ರೇಮಿಗಳ ಸಂಘವೇ ಸ್ಥಾಪಿತವಾಯಿತು. ಇಂದು ಹೆಸರು ನೋಂದಾಯಿಸಲ್ಪಟ್ಟ ತಳಿಗಳು ಹತ್ತಾರು ಸಾವಿರ.

ನಮ್ಮ ದೇಶದಲ್ಲಿಯೂ ಇಂಥವರು ಇಲ್ಲದಿಲ್ಲ. ಡಾ. ಬೆಂಜಮಿನ್ ಪಿಯರಿ ಪಾಲ್ (೧೯೦೬–೧೯೮೯) ಎಂಬವರು ಗೋದಿಯ ತಳಿಗಳಲ್ಲಿ ಪ್ರಸಿದ್ಧ ವಿಜ್ಞಾನಿಗಳು. ೧೯೬೫ ರಲ್ಲಿ ಭಾರತೀಯ ಕೃಷಿ ಸಂಶೋಧನ ಪರಿಷತ್ತಿನ ಮೊದಲ ಮಹಾನಿರ್ದೇಶಕರಾದವರು. ಅವರ ಉದ್ಯೋಗ ಗೋದಿ. ವಿರಾಮಕಾಲದ ವ್ಯಸನ ಗುಲಾಬಿ. ಅವರು ಬೆಳೆಸಿದ ಅನೇಕ ಗುಲಾಬಿ ತಳಿಗಳಲ್ಲಿ ಒಂದಕ್ಕೆ ಡಾ. ಹೋಮಿ ಭಾಭಾ ಅವರ ಹೆಸರಿದೆ.

ಇಷ್ಟನ್ನೆಲ್ಲ ಓದಿದ ಮೇಲೆ ಈ ಲೇಖಕನಿಗೂ ಐರಿಸ್ ಬೆಳೆಸುವ ಆಸೆ ಹುಟ್ಟಿತು. ಚಳಿನಾಡಿನ ಸ್ನೇಹಿತರೊಬ್ಬರು ಮೂರು ಗಡ್ಡೆಗಳನ್ನು ತಂದುಕೊಟ್ಟರು. ಎರೆಮಣ್ಣಿನ ಪಾತಿ ಮಾಡಿ, ಗೊಬ್ಬರ ಹಾಕಿ, ಮಗುವಿಗೆ ಎರೆದಂತೆ ನೀರೆರೆದೆನು. ಕತ್ತಿಯಂಥ ಎಲೆಗಳು ಬಂದವು, ಹೂವು ಬರಲಿಲ್ಲ. ಎರಡನೆಯ ಮಳೆಗಾಲದಲ್ಲಿ ಮೂರೂ ಕೊಳೆತುಹೋದವು. ತಪ್ಪು ಗಡ್ಡೆಯದಲ್ಲ, ನನ್ನದು. ಗಡ್ಡದ ಐರಿಸ್ ಮೊಗ್ಗು ಬಿಡಬೇಕಾದರೆ ಕೆಲವು ವಾರಗಳ ಕಡುಚಳಿ ಬೇಕು. ಗಡ್ಡೆಯ ಬೆನ್ನು ಬಿಸಿಲಿಗೆ ತೆರೆದಿರಬೇಕು. ಬುಡದಲ್ಲಿ ನೀರು ನಿಲ್ಲಬಾರದು. ಕಾಶ್ಮೀರದಲ್ಲಿ ಗೋರಿಗಳ ಮೇಲೆ ಯಾರ ಆರೈಕೆಯೂ ಇಲ್ಲದೆ ಬಿಳಿಯ ಐರಿಸ್ ಅರಳುವದು. ನೀರನ್ನು ಹಿಡಿದಿಡುವ ನಮ್ಮ ಎರೆಭೂಮಿಯಲ್ಲಿ ಎಷ್ಟು ಆರೈಕೆ ಮಾಡಿದರೂ ಬಾಳದು. ನೆಲವನ್ನು ಕೇಳದೆ ಬೀಜ ಹಾಕಬಾರದೆಂದು ನಮ್ಮ ಒಕ್ಕಲಿಗರು ತಿಳಿದದ್ದನ್ನು ನಾನು ಗಡ್ಡೆ ಕಳೆದುಕೊಂಡು ಕಲಿತೆನು.

ಐರಿಸ್‌ನ ಕುಟುಂಬದ ಹೂವೇ ಬೇಕೆಂಬವರಿಗೆ ಗ್ಲಾಡಿಯೋಲಸ್ ಇದೆ. ಇದೂ ಅದೇ ಮನೆತನದ್ದು. ೧೯೬೭ ರಲ್ಲಿ ಸ್ಥಾಪಿತವಾದ, ಬೆಂಗಳೂರಿನ ಬಳಿ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನ ಸಂಸ್ಥೆಯು ಮೀರಾ, ಪೂನಂ, ಸಪ್ನಾ, ನಜರಾನಾ, ಆರತಿ ಮುಂತಾದ ತಳಿಗಳನ್ನು ಹೊರತಂದಿದೆ. ನೀರು ಬಸಿದುಹೋಗುವ ಮಣ್ಣಿನಲ್ಲಿ ಚಳಿಗಾಲಕ್ಕೆ ಮುಂಚೆ ಗಡ್ಡೆ ನೆಟ್ಟರೆ ಸುಮಾರು ಮೂರು ತಿಂಗಳಲ್ಲಿ ಹೂವಿನ ಕಡ್ಡಿ ನೋಡಬಹುದು.

ಆದರೆ ಹೊಸ ಹೂವನ್ನು ಹುಟ್ಟಿಸುವ ವಿದ್ಯೆಗೆ ಇಷ್ಟು ದೂರ ಹೋಗಬೇಕೆ? ಬೈಲಹೊಂಗಲವು ಹತ್ತಿಯ ಪೇಟೆ. ಹೊಲದ ಹತ್ತಿಯೂ ಹಿತ್ತಲ ದಾಸವಾಳವೂ ಒಂದೇ ಕುಟುಂಬದ ಸಸ್ಯಗಳೆಂಬದನ್ನು ವಾಚಕರು ಎರಡು ಹೂಗಳನ್ನು ಪಕ್ಕದಲ್ಲಿಟ್ಟು ನೋಡಬೇಕು. ಎರಡರಲ್ಲಿಯೂ ಐದು ದಳ. ಎರಡರಲ್ಲಿಯೂ ನಡುವೆ ಒಂದು ಕಂಬ, ಕಂಬದ ಸುತ್ತ ಪರಾಗದ ಚೀಲಗಳು, ತುದಿಗೆ ಶಲಾಕಾಗ್ರ. ಧಾರವಾಡದಲ್ಲಿ ಡಾ. ಬಿ. ಎಚ್. ಕಾತರಕಿಯವರು ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ 'ವರಲಕ್ಷ್ಮಿ' ಎಂಬ ಸಂಕರ ಹತ್ತಿಯನ್ನು ಬೆಳೆಸಿದರು. ಅದು ೧೯೭೨ ರಲ್ಲಿ ರೈತರ ಕೈಸೇರಿತು. ಲಕ್ಷ್ಮಿ ಎಂಬ ನಮ್ಮ ಕಡೆಯ ತಳಿ ಅದರ ತಾಯಿ. ೧೯೮೧ ರಲ್ಲಿ ಡಿ.ಸಿ.ಎಚ್. ೩೨ ಎಂಬ 'ಜಯಲಕ್ಷ್ಮಿ' ಬಂದಿತು. ಈ ಬೀಜಗಳ ಹಿಂದೆ ಇದ್ದದ್ದು ಯಂತ್ರವಲ್ಲ, ಬೆರಳು. ಬೀಜೋತ್ಪಾದನೆಯ ಹೊಲಗಳಲ್ಲಿ ಹೆಂಗಸರೂ ಹುಡುಗಿಯರೂ ಸಂಜೆ ನಾಳೆ ಅರಳುವ ಮೊಗ್ಗನ್ನು ಹುಡುಕಿ, ಉಗುರಿನಿಂದ ದಳಗಳನ್ನೂ ಪರಾಗಚೀಲಗಳನ್ನೂ ಬಿಡಿಸಿ, ಮುಚ್ಚಿಟ್ಟು, ಮರುದಿನ ಬೆಳಿಗ್ಗೆ ಗಂಡುಹೂವಿನ ಪರಾಗವನ್ನು ಸವರುತ್ತಿದ್ದರು. ಒಂದೊಂದು ಕಾಯಿಗೂ ಒಂದೊಂದು ಸಲ ಹೀಗೆ. ಫಾಸ್ಟರರು ವಿನೋದಕ್ಕಾಗಿ ಮಾಡಿದ ಕೆಲಸವನ್ನೇ ಇವರು ದಿನಗೂಲಿಗೆ ಬಿಸಿಲಿನಲ್ಲಿ ಬಾಗಿ ಮಾಡಿದರು.

ಇನ್ನು ದಾಸವಾಳವನ್ನು ಕೂಡಿಸುವ ಕ್ರಮವನ್ನು ಹೇಳುವೆನು. ಒಂಟಿ ದಳದ, ಬೇರೆ ಬೇರೆ ಬಣ್ಣದ ಎರಡು ಗಿಡಗಳನ್ನು ಆರಿಸಿಕೊಳ್ಳಬೇಕು. ಮುದ್ದೆಹೂವಿನ ಗಿಡಗಳಲ್ಲಿ ಕೇಸರಗಳೇ ದಳಗಳಾಗಿರುವದರಿಂದ ಅವು ಬಹುಶಃ ಬಂಜೆ. ಪೂಜೆಗೆ ಹರಿಯುವ ಸಾಮಾನ್ಯ ಕೆಂಪು ದಾಸವಾಳವೂ ಕಾಯಿ ಕಟ್ಟುವದು ಅಪರೂಪ. ತಾಯಿಯೆಂದು ಗೊತ್ತುಮಾಡಿದ ಹೂವು ಅರಳಿದ ಕೂಡಲೇ, ಪರಾಗ ಉದುರುವ ಮೊದಲು, ಚಿಮಟದಿಂದ ಪರಾಗಚೀಲಗಳನ್ನು ಕಿತ್ತುಬಿಡಬೇಕು. ಬಿಸಿಲೇರುವದರೊಳಗೆ ತಂದೆಹೂವಿನ ಪರಾಗವನ್ನು ಇದರ ತುದಿಯ ಐದು ಗುಂಡುಗಳಿಗೂ ಸವರಿ, ತೊಟ್ಟಿಗೆ ಬಣ್ಣದ ನೂಲು ಕಟ್ಟಿ, ಎರಡೂ ಗಿಡಗಳ ಹೆಸರನ್ನೂ ದಿನಾಂಕವನ್ನೂ ಬರೆದಿಡಬೇಕು. ಬೇಸಿಗೆಯಲ್ಲಿ ಈ ಕೆಲಸ ಫಲಿಸುವದು ಕಷ್ಟ. ಚಳಿಗಾಲದ ದಿನಗಳು ಉತ್ತಮ. ಕೂಡಿಕೆ ವಿಫಲವಾದರೆ ಕೆಲವೇ ದಿನಗಳಲ್ಲಿ ತೊಟ್ಟು ಕಳಚಿ ಬೀಳುವದು. ಫಲಿಸಿದರೆ ಹಸಿರು ಕಾಯಿ ಉಬ್ಬುವದು. ಸುಮಾರು ಎರಡು ತಿಂಗಳಿಗೆ ಅದು ಕಂದಾಗಿ ಬಿರಿಯುವದು. ಅದಕ್ಕೆ ಮುಂಚೆಯೇ ತೆಳುಬಟ್ಟೆಯ ಚೀಲ ಕಟ್ಟಿದರೆ ಬೀಜಗಳು ಚೆಲ್ಲಿಹೋಗಲಾರವು. ಬೀಜದ ಸಿಪ್ಪೆಯನ್ನು ತುಸು ಕೆತ್ತಿ, ರಾತ್ರಿ ನೀರಿನಲ್ಲಿ ನೆನೆಯಿಟ್ಟು ಬಿತ್ತಬೇಕು. ಮೊದಲ ಹೂವಿಗೆ ಒಂದೆರಡು ವರ್ಷ ಕಾಯಬೇಕು.

ಕಾಯುವದಕ್ಕಿಂತ ಕಠಿಣವಾದ ಇನ್ನೊಂದು ಕೆಲಸವುಂಟು: ಕಿತ್ತೊಗೆಯುವದು. ಒಂದೇ ಕಾಯಿಯ ಬೀಜಗಳಿಂದ ಹುಟ್ಟಿದ ಸಸಿಗಳು ಒಂದರಂತೆ ಒಂದು ಇರುವದಿಲ್ಲ. ಬಹಳಷ್ಟು ಹೂಗಳು ತಾಯಿತಂದೆಗಳಿಗಿಂತ ಕೀಳಾಗಿಯೇ ಬರುತ್ತವೆ. ನನ್ನ ಹಿತ್ತಲಲ್ಲಿ ಬದುಕಿದ ಒಂಬತ್ತು ಸಸಿಗಳಲ್ಲಿ ಎಂಟನ್ನು ನಾನೇ ಕಿತ್ತೆನು. ಎರಡು ವರ್ಷ ನೀರೆರೆದ ಮನೆಯಾಕೆ ಆ ದಿನ ನನ್ನೊಡನೆ ಮಾತಾಡಲಿಲ್ಲ. ಉಳಿದ ಒಂದರ ಹೂವು ಅಂಚಿಗೆ ಹಳದಿ, ಒಳಗೆ ಇಟ್ಟಿಗೆಯ ಬಣ್ಣ. ಪಂಡಿತರು ಮೆಚ್ಚುವಂಥದೇನಲ್ಲ. ಆದರೆ ಆಕೆಯೇ ಅದನ್ನು ಮೊದಲು ಹರಿದು ದೇವರಿಗೆ ಏರಿಸಿದಳು.

ಕೊನೆಗೆ ಒಂದು ಮಾತು. ಸಂಕರ ಹತ್ತಿಯ ಬೀಜವನ್ನು ರೈತನು ಕೂಡಿಟ್ಟು ಮುಂದಿನ ವರ್ಷ ಬಿತ್ತಿದರೆ, ತಾಯಿತಂದೆಗಳ ಗುಣಗಳು ಮರಳಿ ಒಡೆದು ಚೆದರಿ, ಬೆಳೆ ಮೊದಲಿನಂತೆ ಬರುವದಿಲ್ಲ. ಆದುದರಿಂದ ಅವನು ವರ್ಷವರ್ಷವೂ ಬೀಜದಂಗಡಿಯ ಮೆಟ್ಟಿಲು ಹತ್ತಬೇಕು. ಮನೆಯ ಸ್ವಂತ ಬೀಜವನ್ನು ಗಡಿಗೆಯಲ್ಲಿ ಕಾದಿಡುತ್ತಿದ್ದ ಹಿರಿಯರ ಪದ್ಧತಿ ಹತ್ತಿಯ ಮಟ್ಟಿಗೆ ಹೀಗೆ ಅಳಿಯಿತು. ಹೆಚ್ಚಿನ ಇಳುವರಿಗೆ ತೆತ್ತ ಬೆಲೆಯಲ್ಲಿ ಇದೂ ಒಂದು. ಹಿತ್ತಲ ಹೂವಿನ ನ್ಯಾಯ ಬೇರೆ. ಐರಿಸ್‌ನ ಗಡ್ಡೆಯನ್ನು ಮುರಿದು ನೆಟ್ಟರೂ, ದಾಸವಾಳದ ಟೊಂಗೆಯನ್ನು ಊರಿದರೂ ಅದೇ ಹೂವು ತಪ್ಪದೆ ಬರುವದು. ಒಮ್ಮೆ ಹುಟ್ಟಿದ ತಳಿ ಹುಟ್ಟಿಸಿದವರಲ್ಲಿಯೇ ಇರುವದು, ಕೊಟ್ಟಷ್ಟೂ ಹೆಚ್ಚುವದು. ನಮ್ಮ ಇಟ್ಟಿಗೆಬಣ್ಣದ ದಾಸವಾಳದ ಟೊಂಗೆಯನ್ನು ಈ ಮಳೆಗಾಲದಲ್ಲಿ ನೆರೆಮನೆಯ ಅಕ್ಕ ಕೇಳಿ ಒಯ್ದಿದ್ದಾರೆ. ರಾಮದುರ್ಗಕ್ಕೆ ಲಗ್ನವಾಗಿ ಹೋದ ಮಗಳ ಮನೆಗೆ ಅದನ್ನು ಕಳಿಸುವರಂತೆ. ಅದಕ್ಕೆ ಹೆಸರೇನೆಂದು ಕೇಳಿದರು. ಇನ್ನೂ ಇಟ್ಟಿಲ್ಲವೆಂದೆನು. ಅವರ ಮಗಳೇ ಇಡಲಿ.